ಸೆರಗಿನೊಳಗಿನ ಕೈ

೧೯೭೮ರ ಫೆಬ್ರವರಿ ೨೧, ಮಂಗಳವಾರ. ಆಧಾರ, ನನ್ನ ದಿನಚರಿ. ಶಿವನಿ ನಿಲ್ದಾಣದಲ್ಲಿ ರೈಲಿಗೆ ಕಾದಿರುವ ಮೂವರು ಹೆಂಗಸರ ಚಿತ್ರವನ್ನು ತರೀಕೆರೆಯ ಡ್ರಾಯಿಂಗ್ ಮೇಷ್ಟರು ಅಂದು ನನಗೆ ತೋರಿಸಿದರು.

"ಮೊದ್ಲು ಕೈ ನೋಡಿ, ಆಮೇಲೆ ಮುಖ" ಎಂಬುದು ಅವರ ನಿತ್ಯದ ಮಾತು. ಇಬ್ಬರ ಕೈತುಂಬ ಹಸಿರು ಬಳೆಗಳಿದ್ದವು. ಮೂರನೆಯವಳ ಕೈ ಸೆರಗಿನೊಳಗಿತ್ತು.

"ಲಜ್ಜೆಯ ಸಂಕೇತವೇ?" ಎಂದೆ.

ಒಣಗಿದ ಕುಂಚವನ್ನೇ ಮತ್ತೆ ಮತ್ತೆ ಒರೆಸುತ್ತ ಅವರೆಂದರು: "ಲಜ್ಜೆನೂ ಇಲ್ಲ, ಮಣ್ಣೂ ಇಲ್ಲ ಕಣ್ರೀ. ಅವ್ಳು ನನ್ ಮಗಳು. ಅಳಿಯ ಆಸ್ಪತ್ರೇಲವ್ನೆ. ಈಗ್ಲೇ ಬಳೆ ಬರೆದು, ಆಮೇಲೆ ಅಳಿಸೋ ಹಂಗಾದ್ರೆ? ಅವ್ನು ಮನೆಗ್ ಬರ್ಲಿ, ಬರೀತೀನಿ."

ಆ ಬೇಸಿಗೆಯಲ್ಲಿ ಅವರು ಬಳೆ ಬರೆದದ್ದನ್ನು ಕಂಡೆನೆಂದೇ ಇಷ್ಟು ವರ್ಷ ನಂಬಿದ್ದೆ. ಆದರೆ ೧೯೮೪ರಲ್ಲಿ ಮೇಷ್ಟರು ನಿವೃತ್ತರಾಗುವಾಗ ಶಾಲೆಗೆ ಕೊಟ್ಟ ಚಿತ್ರಗಳ ಪಟ್ಟಿಯಲ್ಲಿ, ಅವರದೇ ಅಕ್ಷರದಲ್ಲಿ, ಹೀಗಿದೆ: "ಮೂವರು ಹೆಂಗಸರು. ಒಬ್ಬಳ ಕೈ ಸೆರಗಿನೊಳಗೆ."