ಚಿಪ್ಪಿನ ಬೆನ್ನು, ಚಿಪ್ಪಿನ ಬಾಯಿ

ಸಮುದ್ರ ಸಂಶೋಧನೆಯ ಆ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ. ಹದ್ದಿನಕಣ್ಣಕ್ಕ ಎಂದರೆ ಕಾವಲುಗಾರನಿಂದ ಹಿಡಿದು ದೊಡ್ಡ ಸರ್ ತನಕ ಎಲ್ಲರಿಗೂ ಗೊತ್ತು. ಆ ಬಿರುದು ಕೊಟ್ಟವರೂ ದೊಡ್ಡ ಸರ್ರೇ. ಮೊದಮೊದಲು "ಅಯ್ಯೋ, ಹಾಗೆಲ್ಲ ಕರೀಬೇಡಿ" ಎಂದು ನಾಚಿಕೊಳ್ಳುತ್ತಿದ್ದವಳು, ಬರಬರುತ್ತ ಯಾರಾದರೂ ಬರಿಯ 'ಅಕ್ಕ' ಎಂದರೆ ಮುಖ ಗಂಟಿಕ್ಕುವಷ್ಟಕ್ಕೆ ಬಂದಳು.

ಕೆಲಸವೂ ಅಂಥದ್ದೇ. ಭೂಮಿಯ ತುತ್ತತುದಿಯ ಹಿಮದ ಸಮುದ್ರದ ತಳದಿಂದ ಹಡಗಿನವರು ಉದ್ದನೆಯ ಕೊಳವೆಯಲ್ಲಿ ಕೆಸರು ಎತ್ತಿ ತರುತ್ತಾರೆ. ಮೇಲಿನದು ಈಚಿನ ಕೆಸರು, ಕೆಳಗೆ ಹೋದಷ್ಟೂ ಹಳೆಯ ಕಾಲದ್ದು. ಅದನ್ನು ಪದರ ಪದರವಾಗಿ ಕೊಯ್ದು ಜರಡಿಯಲ್ಲಿ ತೊಳೆದರೆ ಸಕ್ಕರೆ ಹರಳಿಗಿಂತ ಸಣ್ಣ ಚಿಪ್ಪುಗಳು ಉಳಿಯುತ್ತವೆ. ಅವುಗಳಲ್ಲಿ ಒಂದು ಜಾತಿ ಕೊರೆಯುವ ನೀರಿನದು, ಎಡಕ್ಕೆ ಸುತ್ತಿಕೊಂಡು ಬೆಳೆಯುತ್ತದೆ. ಅದರ ದಾಯಾದಿ ಸ್ವಲ್ಪ ಬೆಚ್ಚಗಿನ ನೀರಿನದು, ಬಲಕ್ಕೆ ಸುತ್ತುತ್ತದೆ. ಒದ್ದೆ ಕುಂಚದ ತುದಿಯಿಂದ ಒಂದೊಂದನ್ನೇ ಎತ್ತಿ, ಕಪ್ಪು ತಟ್ಟೆಯಲ್ಲಿ ಬೆನ್ನು ಮೇಲಾಗಿ ಕೂರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಎಡವೋ ಬಲವೋ ಹೇಳಬೇಕು. ಯಾವುದು ಹೆಚ್ಚಿದೆ ಎನ್ನುವುದರ ಮೇಲೆ ಆ ಕಾಲದ ಸಮುದ್ರ ತಣ್ಣಗಿತ್ತೋ ಬೆಚ್ಚಗಿತ್ತೋ ಎಂಬುದು ತೀರ್ಮಾನವಾಗುತ್ತದೆ. "ನನ್ನ ಹೆಂಡ್ತಿ ಸತ್ತುಹೋದ ಸಮುದ್ರದ ಜ್ವರ ನೋಡ್ತಾಳೆ" ಎಂದು ಅವಳ ಗಂಡ ನೆಂಟರ ಮುಂದೆ ಬೀಗುತ್ತಿದ್ದ.

ಬೆನ್ನು ಮೇಲಾಗಿ ಎನ್ನುವುದೇ ಇಲ್ಲಿ ಪ್ರಾಣ. ಗಾಜಿನ ಬಾಗಿಲ ಮೇಲೆ ಬರೆದ ಅಕ್ಷರ ಒಳಗಿನಿಂದ ನೋಡಿದರೆ ತಿರುಗುಮುರುಗಾಗುವ ಹಾಗೆ, ತೂತಿರುವ ಬಾಯಿಯ ಕಡೆಯಿಂದ ನೋಡಿದರೆ ಎಡದ ಚಿಪ್ಪು ಬಲದ್ದಾಗಿ, ಬಲದ್ದು ಎಡದ್ದಾಗಿ ಕಾಣುತ್ತದೆ. ಕೆಲಸಕ್ಕೆ ಹೊಸದಾಗಿ ಬಂದವರೆಲ್ಲ ಎಡವುವುದು ಅಲ್ಲೇ.

ಹಾಗೆ ಹೊಸದಾಗಿ ಬಂದವಳೊಬ್ಬಳು ಹಿಂದಿನ ವರ್ಷ ಸೇರಿದ್ದಳು. ಮಗಳನ್ನು ಶಾಲೆಗೆ ಬಿಟ್ಟು ಓಡೋಡಿ ಬರುವ ಹೆಂಗಸು, ಮಾತು ಕಡಿಮೆ. ಎಲ್ಲರೂ ಹೊಸಬಳು ಎಂದೇ ಕರೆಯುತ್ತಿದ್ದರು. ಕಡುಚಳಿಯ ಕಾಲದ್ದೆಂದು ಎಲ್ಲರೂ ನಂಬಿದ್ದ ಒಂದು ಪದರದ ತಟ್ಟೆಯನ್ನು ಅವಳು ತಂದಿಟ್ಟು, "ಅಕ್ಕಾ, ಇದ್ರಲ್ಲಿ ಬಲದವೇ ಜಾಸ್ತಿ ಇವೆ" ಎಂದಳು.

ಹದ್ದಿನಕಣ್ಣಕ್ಕ ಸೂಕ್ಷ್ಮದರ್ಶಕಕ್ಕೆ ಬಗ್ಗಿ ನೋಡಿದಳು. ಆಗಲೇ ಅವಳಿಗೆ ಕಣ್ಣು ಮಂಜಾಗತೊಡಗಿತ್ತು, ಆದರೆ ಅದನ್ನು ಯಾರಿಗೂ ಹೇಳಿರಲಿಲ್ಲ. ಹದ್ದಿಗೆ ಕನ್ನಡಕವೇ ಎಂದು ಜನ ನಕ್ಕರೆ? ಮಸುಕಿನಲ್ಲಿ ಪ್ರತಿ ಚಿಪ್ಪಿನ ನಡುವೆ ಒಂದು ಕಪ್ಪು ಗುಂಡಿ ಕಂಡಿತು. ಗುಂಡಿ ಎಂದರೆ ಬಾಯಿ, ಇನ್ನು ಕೇಳುವುದೇನಿದೆ? ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲರ ಮುಂದೆ ಅಂದಳು:

"ಏನಮ್ಮಾ, ಬೆನ್ನಿಗೂ ಬಾಯಿಗೂ ವ್ಯತ್ಯಾಸ ಗೊತ್ತಿಲ್ವಾ? ಅಷ್ಟನ್ನೂ ಬಾಯಿ ಮೇಲೆ ಮಾಡಿ ಇಟ್ಟಿದ್ದೀಯ! ಮನೇಲಿ ಮಗಳಿಗೆ ಊಟ ಮಾಡಿಸುವಾಗಲೂ ಬೆನ್ನಿಗೇ ತುತ್ತು ಇಡ್ತೀಯೇನು?"

ಊಟದ ಮೇಜು ತುಂಬಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ದೊಡ್ಡ ಸರ್ ಕೂಡ. ಹೊಸಬಳು ಕಿವಿ ಕೆಂಪಗಾಗಿ ಡಬ್ಬಿ ಮುಚ್ಚಿಟ್ಟಳು. ಆ ಪದರ ತಣ್ಣಗಿನದೆಂದೇ ದಾಖಲಾಯಿತು. ಮರುವಾರ ಹೊಸಬಳನ್ನು ಕೆಸರು ತೊಳೆಯುವ ಕೋಣೆಗೆ ಹಾಕಿದರು. ತಟ್ಟೆಯನ್ನು ಅಕ್ಕ ಬೀರುವಿನಲ್ಲಿ ಜೋಪಾನವಾಗಿ ಇಟ್ಟುಕೊಂಡಳು, ಮುಂದೆ ಬರುವವರಿಗೆ ಹೇಗೆ ಮಾಡಬಾರದು ಎಂದು ತೋರಿಸುವುದಕ್ಕೆ.

ಅವಳ ಗುಟ್ಟು ಹೊರಬಿದ್ದದ್ದು ಮನೆಯಲ್ಲಿ. ಗಂಡ ದರ್ಜಿ. ಕೈಹೊಲಿಗೆಯ ಸೂಜಿಗೆಲ್ಲ ದಾರ ಪೋಣಿಸಿಕೊಡುವುದು ಮದುವೆಯಾದಂದಿನಿಂದ ಅವಳ ಪಾಲಿನ ಕೆಲಸ. ಒಂದು ಭಾನುವಾರ ದಾರ ಸೂಜಿಯ ಕಣ್ಣು ಬಿಟ್ಟು ಎಲ್ಲೆಲ್ಲೋ ಹೋಯಿತು. ಅವಳು ದಾರವನ್ನು ಬೈದಳು, ಬೆಳಕನ್ನು ಬೈದಳು, ಕೊನೆಗೆ ಗಂಡನನ್ನೂ ಬೈದಳು. ಅವನು ಹೊಲಿಗೆ ಯಂತ್ರ ನಿಲ್ಲಿಸಿ, "ಬೈದದ್ದು ಸಾಕು, ಏಳು" ಎಂದು ನೇರ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಹೊಸ ಕನ್ನಡಕ ಬಂದ ಮೇಲೆ ಲೋಕವೇ ತೊಳೆದಿಟ್ಟಂತಾಯಿತು. ಅದೇ ಹುಮ್ಮಸ್ಸಿನಲ್ಲಿ, ಯಾರೋ ಕಲಿಯಲು ಬರುತ್ತಾರೆಂದು, ಬೀರುವಿನಿಂದ ಆ ತಟ್ಟೆ ತೆಗೆದು ನೋಡಿದಳು. ಚಿಪ್ಪಿನ ನಡುವಿನ ಕಪ್ಪು ಗುಂಡಿ ಯಾಕೋ ಗುಂಡಿಯ ಹಾಗೆ ಕಾಣಲಿಲ್ಲ. ಕುಂಚದ ತುದಿಯಿಂದ ಮುಟ್ಟಿದಳು. ಅದು ಎದ್ದುಬಂತು. ಬಾಯಲ್ಲ, ಸುರುಳಿಯ ಸಂದಿಯಲ್ಲಿ ಅಂಟಿದ್ದ ಕೆಸರಿನ ಚುಕ್ಕೆ. ಅದರ ಕೆಳಗೆ ನುಣ್ಣನೆಯ ಬೆನ್ನು. ಇನ್ನೊಂದನ್ನು ಮುಟ್ಟಿದಳು, ಮತ್ತೊಂದನ್ನು ಮುಟ್ಟಿದಳು. ಎಲ್ಲವೂ ಬೆನ್ನೇ. ಹೊಸಬಳು ಇಟ್ಟದ್ದು ಸರಿ, ಎಣಿಸಿದ್ದು ಸರಿ. ಆ ಕಾಲದ ಸಮುದ್ರ ಬೆಚ್ಚಗೇ ಇತ್ತು.

ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದಳು. ಆದರೆ ನೆಲ ಬಾಯಿ ಬಿಡಲಿಲ್ಲ, ಅವಳೂ ಬಿಡಲಿಲ್ಲ. ತಟ್ಟೆಯನ್ನು ಬೀರುವಿಗೆ ತುರುಕಿ ಬೀಗ ಹಾಕಿದಳು. ನಾಳೆ ಹೇಳೋಣ ಎಂದುಕೊಂಡಳು. ನಾಳೆ ಎನ್ನುವುದು ಎಷ್ಟು ಒಳ್ಳೆಯದು ನೋಡಿ, ಎಷ್ಟು ಸಲ ಕರೆದರೂ ಬರುವುದಿಲ್ಲ. "ಹದ್ದಿನಕಣ್ಣಕ್ಕಾ" ಎಂದು ಯಾರಾದರೂ ಕೂಗಿದರೆ ಈಗ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು. ಊಟದ ಡಬ್ಬಿ ಅರ್ಧ ಹಾಗೇ ಮನೆಗೆ ವಾಪಸಾಗುತ್ತಿತ್ತು.

ಕೊನೆಗೆ ಒಂದು ಬೆಳಗ್ಗೆ, ಗುಟ್ಟಾಗಿ ಹೊಸಬಳಿಗಷ್ಟೇ ಹೇಳಿ ಕೈತೊಳೆದುಕೊಳ್ಳೋಣವೆಂದು ತೊಳೆಯುವ ಕೋಣೆಗೆ ಹೋದಳು. ಒದ್ದೆ ನೆಲ, ನಲ್ಲಿಯ ಸದ್ದು, ಮೂಲೆಯ ಹಳೆಯ ಸೂಕ್ಷ್ಮದರ್ಶಕದ ಮುಂದೆ ಹೊಸಬಳು. ಬಿಡುವಾದಾಗ ಅಭ್ಯಾಸ ಮಾಡುತ್ತಿದ್ದಳಂತೆ. ಅಕ್ಕನನ್ನು ಕಂಡು ಗಡಬಡಿಸಿ ಎದ್ದಳು.

"ಅವತ್ತು ನೀವು ಹೇಳಿದ್ದು ಒಳ್ಳೇದೇ ಆಯ್ತು ಅಕ್ಕಾ. ನನ್ನ ಕಣ್ಣನ್ನ ನಂಬೋ ಹಾಗಿಲ್ಲ ಅಂತ ಗೊತ್ತಾಯ್ತು. ಈಗ ನನಗೆ ಬೆನ್ನು ಅಂತ ಕಂಡದ್ದನ್ನೆಲ್ಲ ತಿರುಗಿಸಿ ಇಡ್ತೀನಿ. ಸರಿಯಾಗಿದ್ಯಾ, ಸ್ವಲ್ಪ ನೋಡ್ತೀರಾ?"

ಅಕ್ಕ ನೋಡಿದಳು. ಸಾಲು ಸಾಲು ಚಿಪ್ಪು, ಎಲ್ಲವೂ ಬಾಯಿ ಮೇಲಾಗಿ. ಇವಳ ಕೆಲಸ ಕಿತ್ತುಕೊಂಡದ್ದು ಹಾಗಿರಲಿ, ಇವಳ ಕಣ್ಣನ್ನೇ ಕಿತ್ತುಕೊಂಡುಬಿಟ್ಟೆನಲ್ಲ ಎಂದು ಅಕ್ಕನಿಗೆ ಹೊಳೆಯಿತು. ಗುಟ್ಟಾಗಿ ಹೇಳಿ ತೀರುವಂಥದ್ದಲ್ಲ ಇದು ಎಂದು ಗೊತ್ತಾಯಿತು.

ಮಧ್ಯಾಹ್ನ ಅದೇ ಮೇಜು, ಅದೇ ಜನ. ಅಕ್ಕ ಹೊಸಬಳನ್ನು ಕೈ ಹಿಡಿದು ಕರೆತಂದು ಕೂರಿಸಿದಳು. ಬೀರುವಿನ ಆ ತಟ್ಟೆಯನ್ನೂ ಒಂದು ಸೂಕ್ಷ್ಮದರ್ಶಕವನ್ನೂ ತಂದು ದೊಡ್ಡ ಸರ್ ಮುಂದೆ ಇಟ್ಟಳು.

"ಅವತ್ತು ಎಲ್ಲರೂ ಇವಳನ್ನ ನೋಡಿ ನಕ್ಕಿರಲ್ಲ, ನಗಿಸಿದವಳು ನಾನು. ಬೆನ್ನು ಯಾವುದು, ಬಾಯಿ ಯಾವುದು ಅಂತ ಗೊತ್ತಾಗದೆ ಇದ್ದದ್ದು ನನಗೆ. ನನಗೆ ಕಣ್ಣು ಕಾಣ್ತಿರಲಿಲ್ಲ, ಮುಚ್ಚಿಟ್ಟಿದ್ದೆ. ಇವಳದ್ದು ಸರಿ ಸರ್, ಆ ಪದರ ಬೆಚ್ಚಗಿನದು. ಇನ್ನು ಮೇಲೆ ನನ್ನನ್ನ ಆ ಹೆಸರಿನಿಂದ ಯಾರೂ ಕರೀಬೇಡಿ."

ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. ದೊಡ್ಡ ಸರ್ ಊಟ ಬಿಟ್ಟು ಎದ್ದರು. ಸೂಕ್ಷ್ಮದರ್ಶಕವನ್ನು ಹೊಸಬಳ ಮುಂದಕ್ಕೆ ಸರಿಸಿ, "ನೀವೇ ಇನ್ನೊಂದ್ಸಲ ನೋಡಿ ಹೇಳಿಬಿಡಿಮ್ಮಾ" ಎಂದರು.

ಹೊಸಬಳು ಬಗ್ಗಿ ನೋಡಿದಳು. ಎಲ್ಲರೂ ಕಾಯುತ್ತಿದ್ದರು. ತಲೆ ಎತ್ತಿದವಳು ದೊಡ್ಡ ಸರ್ ಕಡೆ ನೋಡಲಿಲ್ಲ, ಅಕ್ಕನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

"ಬಲ ಅಂತ ಹೇಳ್ಲಾ ಅಕ್ಕಾ?"