ನೋ ಎಸ್ತಾ ರೀ

ಫೆಲಿಸಾಗೆ ನಾನು ಸುಳ್ಳು ಹೇಳಿದೆ. ಬರುವುದಿಲ್ಲವೆಂದು ಗೊತ್ತಿದ್ದೂ ಬರುತ್ತೇನೆ ಎಂದೆ. ಭಾಷೆಯ ಗೊಂದಲದಿಂದ ಹಾಗಾಯಿತು ಎಂದು ಆಮೇಲೆ ಎಲ್ಲರ ಮುಂದೆಯೂ ಹೇಳಿಕೊಂಡು ತಿರುಗಿದೆ — ಅದು ಎರಡನೆಯ ಸುಳ್ಳು. ಮೂರನೆಯದನ್ನು ಅಮ್ಮನ ಬಾಯಿಂದ ಹೇಳಿಸಿದೆ. ಇವುಗಳಲ್ಲಿ ಯಾವುದು ದೊಡ್ಡದು ಎಂದು ತೂಗುತ್ತ ಕೂತರೆ ಅದೂ ತಪ್ಪಿಸಿಕೊಳ್ಳುವ ಒಂದು ದಾರಿಯೇ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ — ಅಂದರೆ, ನೆನಪಿರುವ ಹಾಗೆ. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಮಾತಾಡುತ್ತದೆ. ಓದುವವರಿಗೆ ಅದು ತಿಳಿದಿರಲಿ.

ಆಗ ನಾನು ದಿಲ್ಲಿಯಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಎಂ.ಎ. ಓದುತ್ತಿದ್ದೆ. ಮನೆ ಫರೀದಾಬಾದಿನಲ್ಲಿ, ಅಪ್ಪ ಕೇಂದ್ರ ಸರ್ಕಾರದ ನೌಕರ. ಪರಿಚಯದ ಕನ್ನಡದವರ ಮಕ್ಕಳೆಲ್ಲ ಮುಖರ್ಜಿ ನಗರದಲ್ಲಿ ಐ.ಎ.ಎಸ್. ಕೋಚಿಂಗಿಗೆ ಸೇರಿದ್ದಾಗ ನಾನು ಮಾತ್ರ ಯಾರಿಗೂ ಬೇಡದ ಭಾಷೆಯೊಂದನ್ನು ಹಿಡಿದು ಕೂತಿದ್ದೆ. ನಮಗೆ ಪಾಠ ಹೇಳುತ್ತಿದ್ದ ಪಿಲಾರ್ ಮೇಡಂ ಸ್ಪೇನಿನವರು. ಅವರ ಶಿಫಾರಸಿನಿಂದ ಅವರ ಕಡೆಯ ಒಂದು ನಗರದಲ್ಲಿ ಕೆಲವು ತಿಂಗಳು ಓದುವ ಸ್ಕಾಲರ್‌ಶಿಪ್ ಸಿಕ್ಕಿತು. ಬೇಕೆಂದರೆ ಅಕ್ಟೋಬರಿನಿಂದ ಇನ್ನೊಂದು ಅವಧಿಗೂ ಮುಂದುವರಿಸಬಹುದಿತ್ತು. ನಾನು ಬೇಡವೆಂದು ಬರೆದುಕೊಟ್ಟೆ. ದಿಲ್ಲಿಗೆ ಮರಳುವ ಮುಂಚಿನ ಒಂದು ವಾರ ಮಾತ್ರ ಮೇಡಂ ಚಿಕ್ಕಮ್ಮ ಫೆಲಿಸಾಳ ಊರಿನಲ್ಲಿ, ಅವಳ ಮನೆಯಲ್ಲಿ ಕಳೆಯಲು ಹೋದೆ. ಬೇಡವೆಂದು ಬರೆದುಕೊಟ್ಟದ್ದು ಮೊದಲು, ಊರಿಗೆ ಹೋದದ್ದು ಆಮೇಲೆ. ಈ ಕ್ರಮವನ್ನು ದಯವಿಟ್ಟು ಮರೆಯಬೇಡಿ. ನಾನು ಬಹಳ ಕಾಲ ಮರೆತವಳಂತೆ ಇದ್ದೆ.

ಊರು ಎಂದರೆ ಒಂದೇ ಬೀದಿ. ಸುತ್ತ ಕಣ್ಣು ಹಾಯುವ ತನಕ ಕೊಯ್ದು ಮುಗಿದ ಗೋಧಿ ಹೊಲ, ನಡುವೆ ಅಲ್ಲಲ್ಲಿ ಕಡಲೆ. ಮಣ್ಣಿನ ಗೋಡೆಯ ಮನೆಗಳಿಗೂ ನೆಲಕ್ಕೂ ಒಂದೇ ಬಣ್ಣ. ಇಗರ್ಜಿಯ ಗೋಪುರದ ಮೇಲೆ ಕೊಕ್ಕರೆ ಗೂಡು. ಬೆಳಿಗ್ಗೆ ಬ್ರೆಡ್ಡಿನ ವ್ಯಾನು ಹಾರ್ನ್ ಮಾಡಿಕೊಂಡು ಬಂದರೆ ಬಾಗಿಲುಗಳು ತೆರೆಯುತ್ತಿದ್ದವು, ಹೋದರೆ ಮುಚ್ಚಿಕೊಳ್ಳುತ್ತಿದ್ದವು. ಆಮೇಲೆ ಗಾಳಿ. ಆ ದಿನಗಳ ಡೈರಿಯಲ್ಲಿ ‘ಎಂಥ ಶಾಂತಿ’ ಎಂದು ಬರೆದಿದ್ದೇನೆ. ಶಾಂತಿಯಂತೆ! ನನಗೆ ಬೇಸರವಾಗಿತ್ತು. ಮೂರನೆಯ ದಿನಕ್ಕೇ ದಿಲ್ಲಿಯ ಕರೋಲ್ ಬಾಗಿನ ಗದ್ದಲ ಕಿವಿಗೆ ಬೇಕೆನ್ನಿಸತೊಡಗಿತ್ತು.

ಫೆಲಿಸಾಗೆ ಅರವತ್ತು ದಾಟಿತ್ತು. ಮದುವೆಯಾದವಳಲ್ಲ. ಟ್ರ್ಯಾಕ್ಟರನ್ನು ತಾನೇ ಓಡಿಸುತ್ತಿದ್ದಳು. ಮೊದಲ ದಿನ ನಾನು ಕಡಲೆ ಬೇಯಿಸಿ, ಚೀಲದಲ್ಲಿದ್ದ ಮೆಣಸಿನ ಪುಡಿ ಹಾಕಿ ಉಸಲಿ ಮಾಡಿಕೊಟ್ಟೆ. ಕೆಮ್ಮಿ ಕೆಮ್ಮಿ ತಿಂದವಳು, ನಿನ್ನನ್ನು ಮದುವೆಯಾಗುವವನು ಒಂದು ಕೊಡ ನೀರು ಪಕ್ಕದಲ್ಲಿಟ್ಟುಕೊಂಡೇ ಊಟಕ್ಕೆ ಕೂರಬೇಕು ಎಂದಳು. ಅವಳ ಒಂದು ಕಣ್ಣಿನಲ್ಲಿ ಒತ್ತಡ ಏರುತ್ತಿತ್ತು — ಗ್ಲಾಕೋಮಾ. ಚಳಿಗಾಲಕ್ಕೆ ಮೊದಲು ಆಪರೇಷನ್ ಆಗಲೇಬೇಕು, ತಡವಾದರೆ ಹೋದ ದೃಷ್ಟಿ ಮರಳುವುದಿಲ್ಲ ಎಂದು ನಾನು ಓದುತ್ತಿದ್ದ ನಗರದ ಡಾಕ್ಟರು ಹೇಳಿದ್ದರು. ಅವಳು ದಿನ ಮುಂದೂಡುತ್ತಲೇ ಇದ್ದಳು. ಹೆದರಿಕೆಯೇ ಎಂದು ಕೇಳಿದೆ.

‘ಒಳಗೆ ಹೋಗೋಕೆ ಹೆದರಿಕೆ ಇಲ್ಲ. ಹೊರಗೆ ನನಗೋಸ್ಕರ ಯಾರೂ ಕೂತಿರೋದಿಲ್ಲವಲ್ಲ, ಅದಕ್ಕೆ.’

ಹೊರಡುವ ಮಾತಿನ ಬಗ್ಗೆ ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ನಮ್ಮಲ್ಲಿ ‘ಹೋಗುತ್ತೇನೆ’ ಎನ್ನುವುದು ಅಶುಭ. ‘ಹೋಗಿ ಬರುತ್ತೇನೆ’ ಎನ್ನಬೇಕು. ಮತ್ತೆಂದೂ ಬರದವರೂ ಹಾಗೆಯೇ ಹೇಳಿ ಹೋಗುತ್ತಾರೆ ಎಂದು. ಅವಳಿಗೆ ಅದು ಬಹಳ ಹಿಡಿಸಿತು. ಬ್ರೆಡ್ ತರಲು ಬಾಗಿಲ ತನಕ ಹೋಗುವಾಗಲೂ ತನ್ನ ಭಾಷೆಯಲ್ಲಿ ‘ಹೋಗಿ ಬರ್ತೀನಿ’ ಎಂದು ನನ್ನತ್ತ ಕಣ್ಣು ಮಿಟುಕಿಸುತ್ತಿದ್ದಳು. ಅಂದರೆ — ಇದನ್ನು ಬರೆಯಲಿಕ್ಕೇ ನಾನು ಇಷ್ಟು ವರ್ಷ ಹಿಂಜರಿದದ್ದು — ಅದು ಬರೀ ಮಾತಿನ ಪದ್ಧತಿ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೊರಡುವ ದಿನ ಬಸ್ಸಿನ ಹತ್ತಿರ ನಾನು ರೂಢಿಯಂತೆ ಹೋಗಿ ಬರ್ತೀನಿ ಎಂದೆ. ಅವಳು ನಗಲಿಲ್ಲ. ನನ್ನ ಕೈಯಲ್ಲಿದ್ದ ಚೀಲದ ಹಿಡಿಯನ್ನು ತಾನೂ ಹಿಡಿದುಕೊಂಡಳು.

‘ಅದು ನಿಮ್ಮ ಕಡೆಯ ಮಾತು, ಅದನ್ನು ಬಿಡು. ಅಕ್ಟೋಬರಿಗೆ ಬರ್ತೀಯೋ ಇಲ್ಲವೋ, ಅದನ್ನು ಹೇಳು. ನೀನು ಬರೋದಾದರೆ ಆಪರೇಷನ್ನಿಗೆ ಹೂಂ ಅಂತೀನಿ.’

‘ಬರ್ತೀನಿ’ ಎಂದೆ.

ಬಸ್ಸಿನ ಸದ್ದಿನಲ್ಲಿ ಪ್ರಶ್ನೆ ಸರಿಯಾಗಿ ಕೇಳಿಸಲಿಲ್ಲ, ಸುಮ್ಮನೆ ತಲೆಯಾಡಿಸಿದೆ ಎಂದು ನೆನಪು ಆಗಾಗ ಹೇಳಿನೋಡುತ್ತದೆ. ಇಲ್ಲ. ಕೇಳಿಸಿತ್ತು. ಬಾಯಿ ಬಿಟ್ಟೇ ಹೇಳಿದೆ. ಕೊನೆಯ ಆ ಕೆಲವು ನಿಮಿಷ ಅವಳ ಮುಖ ಬಾಡುವುದನ್ನು ನೋಡಲು ನನಗೆ ಇಷ್ಟವಿರಲಿಲ್ಲ — ಅಷ್ಟೇ, ಬೇರೆ ಕಾರಣವೇ ಇರಲಿಲ್ಲ.

ಮನೆಗೆ ಮರಳಿದ ಕೆಲವು ವಾರಕ್ಕೆ ಫೋನುಗಳು ಶುರುವಾದವು. ಭಾನುವಾರ, ಅವಳಿಗೆ ಪೂಜೆ ಮುಗಿದ ಹೊತ್ತು, ನಮಗೆ ಸಂಜೆಯ ಕಾಫಿ ಹೊತ್ತು. ಮೊದಲ ಸಲ ನಾನೇ ಎತ್ತಿದೆ. ನಿನಗೆಂದು ಕೋಣೆಗೆ ಸುಣ್ಣ ಬಳಿಸಿದ್ದೇನೆ, ಡಾಕ್ಟರಿಗೆ ಯಾವ ದಿನ ಹೇಳಲಿ ಎಂದಳು. ಮುಂದಿನ ವಾರ ತಿಳಿಸುತ್ತೇನೆ ಎಂದು ಇಟ್ಟೆ. ಮುಂದಿನ ವಾರ ಫೋನಿನ ಹತ್ತಿರ ಹೋಗಲಾಗಲಿಲ್ಲ. ಅಮ್ಮನನ್ನು ಕೂರಿಸಿಕೊಂಡು ಎರಡು ಶಬ್ದ ಕಲಿಸಿದೆ: ‘ನೋ ಎಸ್ತಾ’ — ಅವಳು ಇಲ್ಲ.

ಅಮ್ಮ ಹಾಗೇ ಹೇಳಿದಳು. ಆದರೆ ಹಿರಿಯ ಹೆಂಗಸಿನ ಹತ್ತಿರ ಅಷ್ಟು ಮೊಟಕಾಗಿ ಮಾತಾಡಲು ಅವಳಿಗೆ ಬಾಯಿ ಬರಲಿಲ್ಲ. ‘ನೋ ಎಸ್ತಾ ರೀ’ ಎಂದಳು. ಅಷ್ಟಕ್ಕೆ ಇಡಲೂ ಇಲ್ಲ.

‘ಚೆನ್ನಾಗಿದ್ದೀರಾ? ಊಟ ಆಯ್ತಾ? ಅಚ್ಛಾ... ಹೌದಾ... ಇಲ್ಲೂ ತುಂಬಾ ಸೆಕೆ ಕಣ್ರೀ.’

ಆ ಕಡೆಯಿಂದ ಫೆಲಿಸಾ ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು, ಈ ಕಡೆಯಿಂದ ಅಮ್ಮ ಕನ್ನಡದಲ್ಲಿ. ಪ್ರತಿ ಭಾನುವಾರವೂ ಹೀಗೇ. ಫೋನು ರಿಂಗಾದರೆ ಅಪ್ಪ ಪೇಪರಿನ ಹಿಂದಿನಿಂದ, ಏಳೇ, ನಿನ್ನ ಸ್ಪೇನಿನ ಬೀಗಿತ್ತಿ ಎನ್ನುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಏನಂತಾಳೆ ಪಾಪ ಎಂದು ಅಮ್ಮ ಒಮ್ಮೆ ಕೇಳಿದಾಗ, ಸುಮ್ಮನೆ ಕ್ಷೇಮ ವಿಚಾರಿಸುತ್ತಾಳೆ ಎಂದೆ. ಕೈಗೆ ರಿಸೀವರು ಕೊಡಲು ಬಂದರೆ ತಲೆ ನೋವು ಎಂದೆ.

ಅಷ್ಟರಲ್ಲಿ ನನಗೆ ಗುಡಗಾಂವಿನ ಕಾಲ್ ಸೆಂಟರೊಂದರಲ್ಲಿ ಕೆಲಸ ಸಿಕ್ಕಿತ್ತು. ವಾರವಿಡೀ ಗುರುತಿಲ್ಲದ ಜನಕ್ಕೆ ಸ್ಪ್ಯಾನಿಷಿನಲ್ಲಿ, ಸಿಹಿಯಾದ ದನಿಯಲ್ಲಿ, ನಿಮಗೆ ಯಾವ ಸಹಾಯ ಬೇಕು ಎಂದು ಕೇಳುತ್ತಿದ್ದೆ. ಇದನ್ನು ಆಗಲೇ ಗಮನಿಸಿ ನಾಚಿಕೊಂಡಿದ್ದೆ ಎಂದು ಬರೆಯುವ ಆಸೆಯಾಗುತ್ತದೆ. ಗಮನಿಸಿರಲಿಲ್ಲ.

ಚಳಿಗಾಲದಲ್ಲಿ ಫೋನು ನಿಂತಿತು. ಸಮಾಧಾನವಾಯಿತು — ಹೌದು, ಸಮಾಧಾನವೇ.

ಮರುವರ್ಷ ಪಿಲಾರ್ ಮೇಡಂ ಊರಿಗೆ ಹೋಗಿಬಂದವರು ನನ್ನನ್ನು ಕರೆಸಿದರು. ಚಿಕ್ಕಮ್ಮನ ಒಂದು ಕಣ್ಣು ಪೂರ್ತಿ ಹೋಯಿತು, ಟ್ರ್ಯಾಕ್ಟರು ಮಾರಿದಳು ಎಂದರು. ಆಮೇಲೆ ಕೇಳಿದರು, ‘ಹುಡುಗಿ ಬರ್ತಾಳೆ, ಅವಳ ಜೊತೆ ಹೋಗ್ತೀನಿ ಅಂತ ಡಾಕ್ಟರಿಗೆ ಹೇಳ್ತಾನೇ ಇದ್ದಳಂತೆ. ನೀನು ಬರೋದಿಲ್ಲ ಅಂತ ಮೊದಲೇ ಬರೆದುಕೊಟ್ಟಿದ್ದೆ ತಾನೇ? ಅವಳಿಗೆ ಏನು ಹೇಳಿದ್ದೆ?’

ಆ ಕ್ಷಣದಲ್ಲಿ ನಿಜ ಹೇಳಬಹುದಿತ್ತು. ನಾನು ನಮ್ಮ ಪದ್ಧತಿ ವಿವರಿಸಿದೆ. ಕನ್ನಡದಲ್ಲಿ ಹೀಗೆ ಹೇಳುತ್ತೇವೆ, ಅದನ್ನೇ ಪದಕ್ಕೆ ಪದ ಅನುವಾದಿಸಿಬಿಟ್ಟೆ, ಪಾಪ ಅವರು ನಿಜವೆಂದುಕೊಂಡಿರಬೇಕು ಎಂದೆ. ಮೇಡಂ, ಅನುವಾದಕರು ಇಂಥದ್ದಕ್ಕೇ ಎಚ್ಚರವಾಗಿರಬೇಕು ಎಂದರು. ನನ್ನ ಸುಳ್ಳು ಅವರಿಗೆ ಪಾಠವಾಯಿತು. ಮುಂದಿನ ತರಗತಿಗಳಿಗೆ ಉದಾಹರಣೆಯಾಯಿತು. ನಾನೂ ಅದನ್ನು ಕಣ್ಣಿನ ಭಾಗ ಬಿಟ್ಟು ತಮಾಷೆಯ ಕಥೆ ಮಾಡಿದೆ. ಎಲ್ಲಿ ಹೇಳಿದರೂ ನಗು ಬರುತ್ತಿತ್ತು. ತಪ್ಪು ಫೆಲಿಸಾಳ ತಲೆಗೆ ಹೋಯಿತು: ಮಾತು ಅರ್ಥವಾಗದ ಹಳ್ಳಿಯವಳು.

ಮೊನ್ನೆ ಕರೋಲ್ ಬಾಗಿನಲ್ಲಿ, ಹೋಟೆಲು ನಡೆಸುವ ನಮ್ಮ ಕಡೆಯವರೊಬ್ಬರ ಮನೆಯ ನಾಮಕರಣದಲ್ಲಿ, ಮತ್ತೆ ಹೇಳಿದೆ. ಎಲ್ಲರೂ ನಕ್ಕರು. ಅಮ್ಮನೂ ಅಲ್ಲಿದ್ದಳು. ಮರಳುವಾಗ ಮೆಟ್ರೋದಲ್ಲಿ ಕೇಳಿದಳು.

‘ಅವಳು ಫೋನ್ ಮಾಡೋದು ಯಾಕೆ ನಿಲ್ಲಿಸಿದ್ಲು? ನಾನೇನಾದರೂ ತಪ್ಪು ಮಾತಾಡಿಬಿಟ್ಟೆನಾ ಅಂತ ಇವತ್ತಿಗೂ ಅನ್ನಿಸುತ್ತೆ ಕಣೆ.’

ಇಷ್ಟು ವರ್ಷ ಅವಳು ಅದನ್ನು ತನ್ನ ಮೇಲೆ ಹಾಕಿಕೊಂಡಿದ್ದಳು. ಆಗ ಹೇಳಿದೆ — ಬಸ್ಸಿನ ಹತ್ತಿರದ ಪ್ರಶ್ನೆ, ನನ್ನ ಉತ್ತರ, ಸುಣ್ಣ ಬಳಿದ ಕೋಣೆ, ಆ ‘ನೋ ಎಸ್ತಾ’ದ ಹೊತ್ತಿಗೆ ಆ ಕಡೆಯವಳು ಏನು ಕೇಳುತ್ತಿದ್ದಳು ಎಂಬುದು, ಕಣ್ಣು. ಅಮ್ಮ ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ. ಒಂದು ಸ್ಟೇಷನ್ ಬಂದು ಹೋಯಿತು. ಜನ ಇಳಿದರು, ಹತ್ತಿದರು.

‘ಯಾವ ಕಣ್ಣು?’ ಎಂದಳು.

ನನಗೆ ಗೊತ್ತಿರಲಿಲ್ಲ. ಒಂದು ವಾರ ಆ ಮುಖದ ಎದುರು ಕೂತು ಉಂಡಿದ್ದೆ. ಮೇಡಂ ಹೇಳಿದಾಗಲೂ ಕೇಳಿರಲಿಲ್ಲ. ಎಡವೋ ಬಲವೋ — ಇದೊಂದಕ್ಕೆ ನನ್ನ ನೆನಪು ನನಗಾಗಿ ಯಾವ ಕಥೆಯನ್ನೂ ಕಟ್ಟಿಕೊಡಲಾರದು.

ಫೆಲಿಸಾ ಇನ್ನೂ ಇದ್ದಾಳಂತೆ, ಅದೇ ಊರಿನಲ್ಲಿ. ಅವಳನ್ನೇ ಕೇಳಬೇಕು. ಕೇಳುವ ಮೊದಲು, ಅವಳು ಅಂದು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದಳು ಎಂಬುದನ್ನು ಅವಳಿಗೆ ಹೇಳಬೇಕು.