ಗೇಜಿನ ಇನ್ನೊಂದು ತುದಿ

ಜವರಯ್ಯ ಸಣ್ಣ ಮನಸ್ಸಿನ ಮನುಷ್ಯ. ಊರಿಗಾಂನಲ್ಲಿ ಅವನನ್ನು ಬಲ್ಲವರು ಯಾರೂ ಈ ತೀರ್ಪಿಗೆ ತಿದ್ದುಪಡಿ ಸೂಚಿಸಿದ್ದಿಲ್ಲ. ಅವನ ಮನೆಯಿಂದ ಎರಡು ಬೀದಿ ಆಚೆಗಿದ್ದ ಶಶಿರೇಖ ಅಂತೂ ಖಂಡಿತ ಸೂಚಿಸುತ್ತಿರಲಿಲ್ಲ.

ಮದ್ದೂರಿನ ಕಡೆಯಿಂದ ಇಪ್ಪತ್ತಾರು ವರ್ಷದ ಹಿಂದೆ ಇಲ್ಲಿನ ಫ್ಯಾಕ್ಟರಿಗೆ ಬಂದವನು. ಇನ್ಸ್‌ಪೆಕ್ಷನ್ ವಿಭಾಗ. ಬೇರೆಯವರು ಕೊರೆದು ಕಳಿಸಿದ ರಂಧ್ರ ಅಳತೆಗೆ ಸರಿಯಿದೆಯೋ ಇಲ್ಲವೋ ನೋಡುವುದು, ಇಲ್ಲವಾದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ಅವನ ಕೆಲಸ. ಆ ಕೆಲಸ ಫ್ಯಾಕ್ಟರಿಯ ಗೇಟಿನೊಳಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸಂತೆಯಲ್ಲಿ ಬೀನ್ಸನ್ನು ಒಂದೊಂದಾಗಿ ಮುರಿದು ನೋಡುತ್ತಿದ್ದ. ಪಕ್ಕದ ಬೀದಿಯ ಗೃಹಪ್ರವೇಶಕ್ಕೆ ಹೋಗಿ, ಹೋಳಿಗೆ ಊಟ ಮಾಡಿ, ಕೈ ತೊಳೆದು, ಬಾಗಿಲ ಚೌಕಟ್ಟು ಎರಡು ನೂಲು ವಾರೆಯಾಗಿದೆ ಎಂದು ಯಜಮಾನರಿಗೆ ಹೇಳಿ ಬಂದಿದ್ದ. ಸ್ಟೇಷನ್ ಎದುರು ಟೀ ಮಾರುವ ಪೆರುಮಾಳ್ ಅನ್ನುತ್ತಿದ್ದ: "ಆ ಆಳು ಒಂದಿನ ನನ್ ಟೀ ಚೆನ್ನಾಗೈತೆ ಅಂದ್ರೆ ನಾನು ಅವತ್ತೇ ಅಂಗಡಿ ಮುಚ್ಬಿಡ್ತೀನಿ ಸಾಮಿ. ಎಲ್ಲೋ ಏನೋ ತಪ್ಪಾಗೋಗಿರ್ತೈತೆ."

ಹಾಜರಿಯಲ್ಲಿ ಮಾತ್ರ ಅವನ ಮೇಲೆ ಬೆರಳೆತ್ತುವಂತಿರಲಿಲ್ಲ. ಮೊದಲ ಶಿಫ್ಟಿನ ಬಸ್ಸಿಗೆ ಹತ್ತು ನಿಮಿಷ ಮುಂಚೆಯೇ ಹೋಗಿ ನಿಲ್ಲುತ್ತಿದ್ದ. ತಡವಾಗಿ ಓಡೋಡಿ ಬರುವವರನ್ನು ಕಣ್ತುಂಬ ನೋಡುವುದು ಅವನಿಗಿದ್ದ ಒಂದೇ ಚಟ.

ಅವನ ಮಗಳು ಅನು ಬಂಗಾರಪೇಟೆಯ ಕಾಲೇಜಿನಲ್ಲಿ ಮೊದಲ ಪಿಯುಸಿ ಓದುತ್ತಿದ್ದಳು. ಅಲ್ಲಿ ಗಣಿತ ಹೇಳಿಕೊಡುತ್ತಿದ್ದವಳು ಶಶಿರೇಖ. ಉತ್ತರ ಸರಿ ಎಂದರೂ ಸುಮ್ಮನಾಗದೆ, "ಇದಕ್ಕೆ ಬೇರೆ ಉತ್ತರ ಇರೋಕೇ ಸಾಧ್ಯವಿಲ್ಲ ಅಂತ ಹೇಗೆ ಗೊತ್ತು ಮೇಡಂ?" ಎಂದು ಅನು ಕೇಳುತ್ತಿದ್ದಳು. ಶಶಿರೇಖಳ ಇಪ್ಪತ್ತು ವರ್ಷದ ಪಾಠದಲ್ಲಿ ಹಾಗೆ ಕೇಳಿದವರು ಇಬ್ಬರೇ. ಬೆಂಗಳೂರಿನ ಒಂದು ಸಂಸ್ಥೆ ಪಿಯುಸಿ ಮಕ್ಕಳಿಗಾಗಿ ಎರಡು ವರ್ಷದ ಉನ್ನತ ಗಣಿತದ ಕೋರ್ಸು ನಡೆಸುತ್ತಿತ್ತು. ಪ್ರತಿ ಶನಿವಾರ ಪಾಠ, ಕೊನೆಗೊಂದು ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟು. ಶಶಿರೇಖ ಅರ್ಜಿ ತರಿಸಿದಳು. ಅದಕ್ಕೆ ಹೆತ್ತವರ ಸಹಿ ಬೇಕಿತ್ತು. ಒಂದು ಭಾನುವಾರ ತಾನೇ ಜವರಯ್ಯನ ಮನೆಗೆ ಹೋದಳು.

ಜವರಯ್ಯ ಅರ್ಜಿಯನ್ನು ಬೆಳಕಿಗೆ ಹಿಡಿದು, ಎರಡೂ ಬದಿ ಓದಿದ.

"ಇದ್ರಿಂದ ಸಿಇಟಿಗೆ ಎಷ್ಟು ಮಾರ್ಕ್ಸ್ ಸೇರ್ತದೆ ಮೇಡಮ್ಮೋರೆ?"

"ಸೇರಲ್ಲ."

"ಪಿಯುಸಿಗೆ?"

"ಅದಕ್ಕೂ ಇಲ್ಲ."

"ಮತ್ತೆ ಯಾತಕ್ಕೆ? ಗೋಡೆಗೆ ಮೊಳೆ ಹೊಡ್ಯಕ್ಕಾ?"

"ಗಣಿತ ಅಂದರೆ ಏನು ಅಂತ ಗೊತ್ತಾಗುತ್ತೆ ಜವರಯ್ಯನವರೆ."

"ಓಹೋ. ಹಂಗಾದ್ರೆ ಈಗ ಕಾಲೇಜಲ್ಲಿ ನೀವು ಹೇಳ್ಕೊಡ್ತಿರೋದು ಏನು, ಸಂಗೀತವಾ?"

ಒಳಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಹೆಂಡತಿ ವೆಂಕಟಲಕ್ಷ್ಮಮ್ಮನ ಕೈ ನಿಂತಿತು. ಜವರಯ್ಯ ಮುಂದುವರಿಸಿದ.

"ಶನಿವಾರ ಕಾಲೇಜಿಗೆ ಚಕ್ಕರ್. ಹಾಜರಿ ಯಾರು ಕೊಡ್ತಾರೆ? ಕೆಮಿಸ್ಟ್ರಿ ಲ್ಯಾಬ್ ಇರೋದೇ ಶನಿವಾರ. ಹೋಗ್ಲಿ, ಚಂದನ ಅಂತ ಒಬ್ಳು ಹುಡುಗಿ ಇದ್ಲಲ್ಲ ಮೇಡಮ್ಮೋರೆ, ಮೂರು ವರ್ಷದ ಹಿಂದೆ. ಅವಳಿಗೂ ನೀವೇ ಅಲ್ವಾ ಈ ಅರ್ಜಿ ತಂದ್ಕೊಟ್ಟಿದ್ದು?"

ಅನುವಿನ ಹಾಗೆ ತರಗತಿಯಲ್ಲಿ ಪ್ರಶ್ನೆ ಕೇಳುತ್ತಿದ್ದ ಇನ್ನೊಬ್ಬಳು ಚಂದನ. ಗಣಿತದ ಸರ್ಟಿಫಿಕೇಟು ಪಡೆದಳು, ಕೆಮಿಸ್ಟ್ರಿಯಲ್ಲಿ ಫೇಲಾದಳು, ಮತ್ತೆ ಪರೀಕ್ಷೆ ಕಟ್ಟಲಿಲ್ಲ.

"ಅವಳ ಫೋಟೋ ಇನ್ನೂ ನಿಮ್ ಕಾಲೇಜಿನ ಬೋರ್ಡ್ ಮೇಲೇ ಐತೆ. ಹುಡುಗಿ ಸೀರೆ ಅಂಗಡೀಲಿ ಬಿಲ್ ಹಾಕ್ತಾ ಕೂತವ್ಳೆ. ಒಂದಿನಾನಾದ್ರೂ ಹೋಗಿ ಮಾತಾಡ್ಸಿದ್ರಾ?"

"ಇಲ್ಲ," ಎಂದಳು ಶಶಿರೇಖ. ಇವನು ಹೇಳಿದ್ದು ಸುಳ್ಳಾಗಿದ್ದರೆ ಅವಳಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಜವರಯ್ಯ ಎದ್ದು ಟಿವಿ ಪಕ್ಕದಿಂದ ಗೇಣುದ್ದದ ಉಕ್ಕಿನ ತುಂಡೊಂದನ್ನು ತಂದ. ಫ್ಯಾಕ್ಟರಿಯಲ್ಲಿ ಸವೆದು ಬಿಸಾಕಿದ ಗೇಜು. "ನೋಡಿ. ಈ ತುದಿ ರಂಧ್ರದೊಳಕ್ಕೆ ಹೋಗ್ಬೇಕು. ಆ ತುದಿ ಹೋಗ್ಬಾರ್ದು, ತಡೀಬೇಕು. ಎರಡೂ ತುದಿ ನೋಡಿದ್ರೇನೇ ಮಾಲು ಪಾಸು. ನೀವು ಒಂದೇ ತುದಿ ಹಾಕಿ, ಹೋಯ್ತು ಹೋಯ್ತು ಅಂತ ಚಪ್ಪಾಳೆ ತಟ್ತೀರಿ. ತಡೀತದಾ ಅಂತ ನೋಡೋರು ಯಾರು?"

ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದ ಅನು ಬಾಯಿಬಿಟ್ಟಳು. "ಹಂಗಾದ್ರೆ ಆ ಇನ್ನೊಂದು ತುದಿ ನೀನೇ ಹಾಕಿ ನೋಡಪ್ಪ."

ಜವರಯ್ಯ ಮಗಳನ್ನು ನೋಡಿದ. "ಸರಿ. ಬುಧವಾರ ನಿಂದು ಕೆಮಿಸ್ಟ್ರಿ ಟೆಸ್ಟು. ನೂರಕ್ಕೆ ತೊಂಬತ್ತು. ಬಂದ್ರೆ ಸಹಿ, ಇಲ್ದಿದ್ರೆ ಇಲ್ಲ."

ಬಂದದ್ದು ಎಂಬತ್ತೇಳು. ಇಡೀ ತರಗತಿಗೆ ಅದೇ ಹೆಚ್ಚು. ಶಶಿರೇಖ ಮತ್ತೆ ಹೋಗಿ ಅದನ್ನೇ ಹೇಳಿದಳು. "ಮೂರು ಮಾರ್ಕ್ಸಿಗೆ ಮಗಳ ದಾರಿಗೆ ಅಡ್ಡ ನಿಲ್ತೀರಾ?"

"ಎಂಬತ್ತೇಳು ತೊಂಬತ್ತಲ್ಲ," ಎಂದ ಜವರಯ್ಯ. ಜೇಬಿನಿಂದ ಕೆಂಪು ಪೆನ್ನು ತೆಗೆದು, ಸಹಿ ಹಾಕುವ ಜಾಗದಲ್ಲಿ ಸ್ಕೇಲಿಟ್ಟು ನೇರವಾಗಿ ಒಂದು ಗೆರೆ ಎಳೆದು, ಅರ್ಜಿಯನ್ನು ಮಡಿಸಿ ಕೊಟ್ಟ. ಅನು ಅಳಲಿಲ್ಲ. ಒಳಗೆ ಹೋಗಿ ಪುಸ್ತಕ ತೆರೆದು ಕೂತಳು. ಮಗುವಿನ ಎದುರಿಗೇ ಸ್ಕೇಲಿಟ್ಟು ಗೆರೆ ಎಳೆಯುವ ಮನುಷ್ಯನಿಗೆ ಏನು ಹೆಸರಿಡಬೇಕು ಎಂದು ಶಶಿರೇಖ ದಾರಿಯುದ್ದಕ್ಕೂ ಯೋಚಿಸಿದಳು. ಹೊಳೆದ ಹೆಸರುಗಳು ಬರೆಯುವಂಥವಲ್ಲ.

ಇನ್ನೊಂದು ಅರ್ಜಿ ತರಿಸಿ, ಜವರಯ್ಯ ಶಿಫ್ಟಿನಲ್ಲಿರುವ ಹೊತ್ತು ನೋಡಿ ಹೋದಳು. ವೆಂಕಟಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಂಡು ಕಾಗದವನ್ನು ನಿಧಾನವಾಗಿ ಓದಿದಳು.

"ತಂದೆ ಅಥವಾ ತಾಯಿ ಅಂತ ಬರ್ದವ್ರಲ್ಲ ಮೇಡಂ. ತಾಯಿ ನಾನೇ ತಾನೆ? ಹೆತ್ತಿದ್ದಕ್ಕೆ ಸಾಕ್ಷಿ ಬೇಕಾ?"

"ನಿಮ್ಮ ಯಜಮಾನರು?"

"ನಾನು ಹೇಳ್ತೀನಿ ಬುಡಿ. ಮುದ್ದೆ ಬಾಯಲ್ಲಿಟ್ಕಂಡಾಗ ಹೇಳ್ಬೇಕು. ಆಗ ಬಯ್ಯಕ್ಕಾಗಕಿಲ್ಲ."

ಹೆಂಡತಿ ಸಹಿ ಹಾಕಿದ್ದು ತಿಳಿದ ದಿನದಿಂದ ಜವರಯ್ಯ ಮಗಳ ಜೊತೆ ಮಾತು ಬಿಟ್ಟ. ಹದಿನೆಂಟು ದಿನ. ಶಶಿರೇಖ ಬೀದಿಯಲ್ಲಿ ಸಿಕ್ಕರೆ ಮಾತ್ರ ಕೇಳುತ್ತಿದ್ದ: "ಬೋರ್ಡ್ ಮೇಲೆ ಫೋಟೋಗೆ ಜಾಗ ಮಾಡಿಟ್ರಾ ಮೇಡಮ್ಮೋರೆ?"

ಮೊದಲ ಶನಿವಾರ ಬಂತು. ಬೆಂಗಳೂರಿನ ರೈಲುಗಾಡಿ ಹೊರಡುವುದು ಹಳಿಯ ಕೊನೆಯಲ್ಲಿರುವ ಮಾರಿಕುಪ್ಪಂನಿಂದ. ಕೂತು ಹೋಗಬೇಕೆನ್ನುವವರು ಬೆಳಗಿನ ಜಾವವೇ ಹಿಂದಕ್ಕೆ ಮಾರಿಕುಪ್ಪಂವರೆಗೆ ಹೋಗಿ, ಖಾಲಿ ಗಾಡಿ ಹತ್ತಿ, ಸೀಟಿನ ಮೇಲೆ ಟವೆಲ್ ಹಾಸಿರುತ್ತಾರೆ. ಊರಿಗಾಂ ಬರುವಷ್ಟರಲ್ಲಿ ಇಡೀ ಗಾಡಿ ಟವೆಲ್ಲುಗಳ ಪಾಲು. ಇಲ್ಲಿ ಹತ್ತಿದವರು ಬೆಂಗಳೂರಿನ ತನಕ ನಿಂತೇ ಹೋಗಬೇಕು. ನಿಂತುಕೊಂಡೇ ಓದುತ್ತೇನೆ ಎಂದಿದ್ದಳು ಅನು.

ಶಶಿರೇಖ ಗಾಡಿಗೆ ಅರ್ಧ ಗಂಟೆ ಮುಂಚೆಯೇ ಪ್ಲಾಟ್‌ಫಾರಂ ಮೇಲೆ ನಿಂತಿದ್ದಳು. ಜವರಯ್ಯ ಬಂದು ಮಗಳ ಕೈ ಹಿಡಿದೆಳೆದರೆ ಅಡ್ಡ ನಿಲ್ಲಬೇಕು, ಬಂಗಾರಪೇಟೆಯ ತನಕ ಜೊತೆಗೆ ಹೋಗಬೇಕು ಎಂಬುದು ಅವಳ ಲೆಕ್ಕಾಚಾರ. ಅನು ಒಬ್ಬಳೇ ಬಂದಳು.

"ಅಪ್ಪ ಎಲ್ಲಿ?"

"ಗೊತ್ತಿಲ್ಲ ಮೇಡಂ. ನಾಲ್ಕೂವರೆಗೇ ಮೊಪೆಡ್ ತಗೊಂಡು ಹೋಗ್ಬಿಟ್ರು. ಕೆಮಿಸ್ಟ್ರಿ ಪುಸ್ತಕಾನೂ ಕಾಣ್ತಿಲ್ಲ. ರಾತ್ರಿ ಟೇಬಲ್ ಮೇಲೇ ಇಟ್ಟಿದ್ದೆ. ಮನೆಯೆಲ್ಲ ಹುಡುಕ್ದೆ. ಮುಂದಿನ ವಾರ ಮತ್ತೆ ಟೆಸ್ಟ್ ಇದೆ," ಎಂದಳು.

ಓದುವ ಪುಸ್ತಕವನ್ನೇ ಬಚ್ಚಿಟ್ಟಿದ್ದಾನೆ. ಶಶಿರೇಖಳಿಗೆ ಅನುಮಾನವೇ ಉಳಿಯಲಿಲ್ಲ. ಹೆಣ್ಣುಮಗಳು ಫೇಲಾಗಲಿ, ನಾನು ಹೇಳಲಿಲ್ಲವಾ ಅನ್ನಬಹುದು ಎಂದು ಕಾಯುವ ಅಪ್ಪ!

ಪೆರುಮಾಳ್ ಪ್ಲಾಟ್‌ಫಾರಂಗೇ ಟೀ ತಂದು ಕೊಡುತ್ತಾ, "ಫ್ಯಾಕ್ಟರಿ ಬಸ್ ಈಗ ಓಯ್ತು ಮೇಡಂ, ನಿಮ್ ಜವರಯ್ಯ ಅದ್ರಲ್ಲಿ ಇಲ್ಲ. ನಾನು ಉಟ್ಟಿದಾಗಿಂದ ಇಂಗಾಗಿಲ್ಲ. ಆಳು ಬದ್ಕಿದಾನಾ ನೋಡಿ," ಎಂದ.

ಗಾಡಿ ಬಂತು. ಬಾಗಿಲುಗಳಲ್ಲಿ ಜನ ಜೋತುಬಿದ್ದಿದ್ದರು. ಮೂರನೆಯ ಬೋಗಿಯ ಕಿಟಕಿಯೊಳಗಿಂದ ಪರಿಚಿತ ದನಿ ಕೇಳಿಸಿತು. "ಜನ ಬರ್ತಾವ್ರೆ ಅಂತ ಎಷ್ಟು ಸಲ ಹೇಳ್ಬೇಕ್ರೀ ನಿಮಗೆ? ಓದು ಬರಕಿಲ್ವಾ? ಪುಸ್ತಕ ಕಾಣ್ತಿಲ್ವಾ?"

ಜವರಯ್ಯ ಫ್ಯಾಕ್ಟರಿಯ ಯೂನಿಫಾರಂ ತೊಟ್ಟು ಕೂತಿದ್ದ. ಪಕ್ಕದ ಕಿಟಕಿ ಸೀಟಿನ ಮೇಲೆ ಟವೆಲ್ಲಿನ ಬದಲು ಕೆಮಿಸ್ಟ್ರಿ ಪುಸ್ತಕವಿತ್ತು. ಅದರ ಮೇಲೆ ಕೈಯಿಟ್ಟುಕೊಂಡು ಎದುರಿಗೆ ನಿಂತ ದಪ್ಪ ಮನುಷ್ಯನ ಜೊತೆ ಜಗಳಕ್ಕಿಳಿದಿದ್ದ.

ಅನು ಜನರ ನಡುವೆ ತೂರಿಕೊಂಡು ಹತ್ತಿದಳು. ಹಿಂದೆಯೇ ಶಶಿರೇಖ. ಜವರಯ್ಯ ಎದ್ದ. ಮಗಳ ಮುಖ ನೋಡಲಿಲ್ಲ. ಸೀಟಿನ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ, ಅಲುಗುತ್ತದೆಯೇ ಎಂದು. ಕಿಟಕಿಯ ಷಟರ್ ಎತ್ತಿ ಇಳಿಸಿ ಕೊಂಡಿ ಹಿಡಿಯುತ್ತದೆಯೇ ಎಂದು ನೋಡಿದ. ಪುಸ್ತಕವನ್ನು ಮಗಳ ಕೈಗಿಟ್ಟು ಇಳಿದುಬಿಟ್ಟ.

ಹಿಡಿದಿದ್ದದ್ದು ಎರಡು ಸೀಟು. ಅವನು ಎದ್ದ ಜಾಗದಲ್ಲಿ ದಪ್ಪ ಮನುಷ್ಯ ಆಗಲೇ ಕೂತಿದ್ದ. ಶಶಿರೇಖ ನಿಂತಳು.

ಗಾಡಿ ಚಲಿಸುವಾಗ ದೂರದಲ್ಲಿ ಫ್ಯಾಕ್ಟರಿಯ ಮೊದಲ ಶಿಫ್ಟಿನ ಸೈರನ್ ಕೂಗಿತು. ಅವಳು ಬಗ್ಗಿ ಕಿಟಕಿಯಿಂದ ಹಿಂದಕ್ಕೆ ನೋಡಿದಳು. ಮೊಪೆಡ್ ಮಾರಿಕುಪ್ಪಂನಲ್ಲೇ ಉಳಿದಿರಬೇಕು. ಜವರಯ್ಯ ಹಳಿಯ ಪಕ್ಕದ ಕಾಲುದಾರಿಯಲ್ಲಿ ಮಾರಿಕುಪ್ಪಂ ಕಡೆಗೆ ನಡೆಯುತ್ತಿದ್ದ. ಸೈರನ್ ಕೇಳಿ ಒಮ್ಮೆ ನಿಂತ, ಗಡಿಯಾರ ನೋಡಿಕೊಂಡ, ಮತ್ತೆ ನಡೆದ. ಓಡಲಿಲ್ಲ.